ಹೌದು ಎಂದು ಬರೆದ ವರ್ಷ

ಈ ಸಲದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನನ್ನನ್ನು ಕೊಕ್ಕಡದ ಕೇಂದ್ರಕ್ಕೆ ಮೇಲ್ವಿಚಾರಕಿಯಾಗಿ ಹಾಕಿದರು. ಆದೇಶ ಕೈಗೆ ಬಂದಾಗ ಬೇರೆ ಕೇಂದ್ರಕ್ಕೆ ಬದಲಿಸಲು ಆಗುತ್ತದೆಯೇ ಎಂದು ವಿಚಾರಿಸಿ ನೋಡಿದೆ. ಕಾರಣ ಕೇಳಿದರು. ಬಾಯಿಬಿಟ್ಟು ಹೇಳುವಂಥ ಕಾರಣ ನನ್ನಲ್ಲಿ ಇರಲಿಲ್ಲ. ಸುಮ್ಮನೆ ಹೊರಟೆ.

ಪೇಟೆಯಲ್ಲಿ ಬಸ್ಸಿನಿಂದ ಇಳಿದು ಶಾಲೆಯ ಕಡೆಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ರಬ್ಬರ್ ಶೀಟಿನ ವಾಸನೆ ಬಂತು. ಹುಳಿಯೂ ಹೊಗೆಯೂ ಬೆರೆತ ವಾಸನೆ ಅದು. ಒಮ್ಮೆ ಬಟ್ಟೆಗೆ ಹಿಡಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಪರೀಕ್ಷಾ ಕೊಠಡಿಯ ಹಿಂದೆಯೇ ಯಾರದೋ ಶೀಟು ಒಣಗಿಸುವ ಹೊಗೆಮನೆ ಇತ್ತು. ಮಕ್ಕಳು ತಲೆ ಬಗ್ಗಿಸಿ ಕನ್ನಡ ಪತ್ರಿಕೆ ಬರೆಯುತ್ತಿದ್ದರು. ನಾನು ಮೂರು ಗಂಟೆಯೂ ಆ ಬದಿಯ ಕಿಟಕಿಯ ಹತ್ತಿರ ಹೋಗದೆ ನಡೆದಾಡಿದೆ. ಆದರೂ ಪುಷ್ಪಾಳ ಮನೆಯ ಅಂಗಳ, ಅವಳ ಮಗಳು ದೀಕ್ಷಾ, ಅವರಿಬ್ಬರ ನಡುವೆ ಕಟ್ಟಿದ್ದ ಆ ಹಸಿರು ಶಾಲು ಎಲ್ಲವೂ ಕಣ್ಣ ಮುಂದೆ ಬಂದವು.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ವೇಣೂರಿನಿಂದಾಚೆ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಮನೆ ನರಿಕೊಂಬಿನಲ್ಲಿ. ದಿನಾ ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಆ ವರ್ಷ ಜೂನ್ ತಿಂಗಳಲ್ಲಿ ಒಂದು ಸುತ್ತೋಲೆ ಬಂತು. ಆಟಿಸಂ ಇರುವ ಸಣ್ಣ ಮಕ್ಕಳನ್ನು ಬೇಗನೆ ಗುರುತಿಸಿ ತರಬೇತಿ ಕೊಡುವುದಕ್ಕೆ ಸರಕಾರ ಒಂದು ಪ್ರಾಯೋಗಿಕ ಯೋಜನೆ ಮಾಡುತ್ತಿದೆ; ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ಕಡೆಗೂ ಸೇರಿ ಒಬ್ಬ ಸಂಯೋಜಕರು ಬೇಕು; ತುಳು ಬಲ್ಲ ಶಿಕ್ಷಕರಿಗೆ ಆದ್ಯತೆ. ಕಚೇರಿ ಬಿ.ಸಿ. ರೋಡಿನಲ್ಲಿ. ನಮ್ಮ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ನಾನು ಅರ್ಜಿ ಹಾಕಿದ್ದು ಆ ಹತ್ತು ನಿಮಿಷಕ್ಕಾಗಿ. ಮಕ್ಕಳಿಗಾಗಿ ಎಂದು ಸಂದರ್ಶನದಲ್ಲಿ ಹೇಳಿದೆ, ಹೇಳುತ್ತಾ ಹೇಳುತ್ತಾ ನಾನೂ ನಂಬಿದೆ.

ಸುತ್ತೋಲೆಯಲ್ಲಿ ಆಟಿಸಂಗೆ ‘ಸ್ವಲೀನತೆ’ ಎಂದು ಬರೆದಿತ್ತು. ಕೊಕ್ಕಡದ ಆಶಾ ಕಾರ್ಯಕರ್ತೆ ಲೀಲಾವತಿ ಮೊದಲ ಸಭೆಯಲ್ಲಿ ಅದನ್ನು ಎರಡು ಸಲ ಓದಿ, ಇದು ಸ್ವಚ್ಛತೆಯ ಕಾರ್ಯಕ್ರಮವಾ ಎಂದು ಕೇಳಿದರು. ಎಲ್ಲರೂ ನಕ್ಕೆವು. ಆದರೆ ಆ ಸಭೆಯಲ್ಲಿ ಕೂತವರಲ್ಲಿ ಅರ್ಧದಷ್ಟು ಜನರಿಗೆ ಆ ಪದದ ಅರ್ಥ ಗೊತ್ತಿರಲಿಲ್ಲ. ನನಗೂ ತರಬೇತಿಗೆ ಹೋಗುವ ಮೊದಲು ಗೊತ್ತಿದ್ದದ್ದು ಅಷ್ಟಕ್ಕಷ್ಟೆ.

ನನ್ನ ಕೆಲಸ ಕೇಳಲು ಸುಲಭ. ಅಂಗನವಾಡಿಯವರ ಹತ್ತಿರ ಒಂದು ಪಟ್ಟಿ ಇತ್ತು, ಆರೋಗ್ಯ ಇಲಾಖೆಯವರ ಹತ್ತಿರ ಒಂದು, ಶಿಕ್ಷಣ ಇಲಾಖೆಯವರ ಹತ್ತಿರ ಇನ್ನೊಂದು. ಮೂರನ್ನೂ ಸೇರಿಸಿ ಒಂದೇ ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ನೋಡಿ ಯಾವ ತಾಲೂಕಿಗೆ ತರಬೇತಿ ಕೇಂದ್ರ, ಎಲ್ಲಿಗೆ ಥೆರಪಿಸ್ಟ್ ಎಂದು ಮೇಲಿನವರು ನಿರ್ಧರಿಸುತ್ತಾರೆ. ಕೂತು ನೋಡಿದರೆ ಒಂದೇ ಮಗು ಒಂದು ಪುಸ್ತಕದಲ್ಲಿ ದೀಕ್ಷಾ, ಇನ್ನೊಂದರಲ್ಲಿ ದೀಕ್ಷಿತಾ, ಮತ್ತೊಂದರಲ್ಲಿ ದಿಶಾ. ಒಬ್ಬರು ‘ಹಠಮಾರಿ, ಮಾತು ಬಂದಿಲ್ಲ’ ಎಂದು ಬರೆದಿದ್ದರು; ಇನ್ನೊಬ್ಬರು ಕಿವಿ ಕೇಳುವುದಿಲ್ಲವೆಂಬ ಶಂಕೆ ಎಂದು; ಮತ್ತೊಬ್ಬರು ಬುದ್ಧಿಮಾಂದ್ಯ ಎಂದು. ಮೂವರೂ ಆ ಮಗುವನ್ನು ನೋಡಿದ್ದರು, ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದು ನಿಜವಾಗಿ ಒಂದೇ ಮಗುವೇ ಎಂದು ತಿಳಿಯಲು ನಾನು ಕೊಕ್ಕಡಕ್ಕೆ ಹೋಗಬೇಕಾಯಿತು.

ಜುಲೈಯ ಮಳೆ. ಲೀಲಾವತಿಯವರ ಜೊತೆ ರಬ್ಬರ್ ತೋಟದೊಳಗಿನ ಕಾಲುದಾರಿಯಲ್ಲಿ ಹೋದೆ. ಮಳೆಗಾಲದಲ್ಲೂ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ನಿಲ್ಲದ ಹಾಗೆ ಮರಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿದ್ದರು. ಆ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದವಳೇ ಪುಷ್ಪಾ. ಗಂಡ ಮಸ್ಕತ್ತಿಗೆ ಹೋಟೆಲ್ ಕೆಲಸಕ್ಕೆ ಹೋಗಿದ್ದ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ, ತೆಳ್ಳಗಿನ, ಗಟ್ಟಿ ಕೈಗಳ ಹೆಂಗಸು. ಅವಳ ಸೊಂಟಕ್ಕೆ ಚೂಡಿದಾರದ ಒಂದು ಹಸಿರು ಶಾಲಿನ ತುದಿ ಕಟ್ಟಿತ್ತು. ಇನ್ನೊಂದು ತುದಿ ನಾಲ್ಕು ವರ್ಷವೂ ತುಂಬದ ದೀಕ್ಷಾಳ ಸೊಂಟಕ್ಕೆ.

ನಮ್ಮನ್ನು ಕಂಡು ಪುಷ್ಪಾ ಮೊದಲು ಮಾಡಿದ ಕೆಲಸ ಆ ಗಂಟನ್ನು ಬಿಚ್ಚಲು ಹೋದದ್ದು. ನಾಚಿಕೆಯ ಗಡಿಬಿಡಿಯಲ್ಲಿ ಗಂಟು ಬಿಚ್ಚಿಕೊಳ್ಳಲಿಲ್ಲ. ಆಮೇಲೆ ಜಗಲಿಯಲ್ಲಿ ಬೆಲ್ಲ, ನೀರು ಇಟ್ಟು ಹೇಳಿದಳು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಕಟ್ಟದಿದ್ರೆ ಓಡ್ತಾಳೆ ಟೀಚರೇ. ಕರೆದ್ರೆ ತಿರುಗಿ ನೋಡುವುದಿಲ್ಲ. ಕೆಳಗೆ ಕೆರೆ ಉಂಟು. ಒಮ್ಮೆ ಅದರ ಅಂಚಿನವರೆಗೆ ಹೋಗಿದ್ದಾಳೆ. ಮರ ಎಷ್ಟು ಉಂಟೋ ಅಷ್ಟು ಸಲ ಇವಳನ್ನು ಎಳ್ಕೊಂಡು ಹೋಗ್ತೇನೆ. ನಾಯಿಯನ್ನು ಕಟ್ಟಿದ ಹಾಗೆ ಕಟ್ಟಿದ್ದಾಳೆ ಅಂತ ಜನ ಹೇಳ್ತಾರೆ.”

ದೀಕ್ಷಾ ನಮ್ಮ ಕಡೆ ನೋಡಲಿಲ್ಲ. ಅಂಗಳದ ಮೂಲೆಯಲ್ಲಿ ಶೀಟು ಒತ್ತುವ ಮೆಷಿನ್ ಇತ್ತು. ಪುಷ್ಪಾ ಅದರ ಹಿಡಿ ತಿರುಗಿಸಿದಾಗ ಎರಡು ರೋಲರುಗಳ ನಡುವಿನಿಂದ ಬಿಳಿಯ ಹಾಳೆ ಮೆತ್ತಗೆ ಹೊರಗೆ ಬರುತ್ತಿತ್ತು. ಆ ಹುಡುಗಿ ಹಾಳೆಯ ಕೆಳಗೆ ಅಂಗೈ ಹಿಡಿದು, ಅದು ಬಂದು ಮುಟ್ಟುವುದನ್ನೇ ಕಾದು ನಿಂತಳು. ಮುಟ್ಟಿದಾಗ ಮುಖದಲ್ಲಿ ಒಂದು ನಗು ಬಂತು. ಇವಳನ್ನು ಬುದ್ಧಿಮಾಂದ್ಯ ಎಂದು ಬರೆದವರು ಈ ಅಂಗಳಕ್ಕೆ ಬಂದಿರಲಿಲ್ಲ ಎಂದು ನನಗೆ ಆಗಲೇ ಅನಿಸಿತು.

ಹೊರಡುವಾಗ ನಾನು ಹೇಳಿದೆ, “ಇನ್ನು ಸ್ವಲ್ಪ ದಿನ ಪುಷ್ಪಾ. ಬೆಳ್ತಂಗಡಿಯಲ್ಲೇ ಒಂದು ಕೇಂದ್ರ ಆಗ್ತದೆ. ಹೇಗೆ ಕಲಿಸಬೇಕು ಅಂತ ಗೊತ್ತಿದ್ದವರು ಬರ್ತಾರೆ. ಮತ್ತೆ ನೀನು ಇವಳನ್ನು ಕಟ್ಟಬೇಕಾಗಿ ಬರುವುದಿಲ್ಲ.”

ನನಗೆ ಯಾರೂ ಹಾಗೆ ಹೇಳೆಂದು ಹೇಳಿರಲಿಲ್ಲ. ಕೇಂದ್ರ ಎಲ್ಲೆಲ್ಲಿ ಎಂಬುದು ಇನ್ನೂ ತೀರ್ಮಾನವೇ ಆಗಿರಲಿಲ್ಲ.

ಆಗಸ್ಟಿನಲ್ಲಿ ಬೆಂಗಳೂರಿನಿಂದ ಅನಘಾ ಎಂಬ ಡಾಕ್ಟರ್ ಬಂದರು. ಯೋಜನೆಯ ಜೊತೆಯಲ್ಲೇ ಒಂದು ಸಂಶೋಧನೆಯೂ ಇತ್ತು, ಅದು ಅವರದು. ಮನೆ ಮನೆಗೆ ಹೋಗಿ ತಾಯಂದಿರಿಗೆ ಪ್ರಶ್ನೆ ಕೇಳಬೇಕು, ಮಗು ಆಡುವುದನ್ನು ವಿಡಿಯೊ ಮಾಡಬೇಕು. ಪ್ರಶ್ನೆಗಳು ಶುದ್ಧ ಕನ್ನಡದಲ್ಲಿದ್ದವು. “ಮಗು ಬೊಟ್ಟು ಮಾಡಿ ತೋರಿಸುತ್ತದೆಯೇ?” ಎಂಬುದು ಒಂದು. ಪುಷ್ಪಾ ಯೋಚಿಸಿ, ಹಣೆಗೆ ಬೊಟ್ಟು ಇಡಲಿಕ್ಕೇ ಬಿಡುವುದಿಲ್ಲ, ಇಟ್ಟ ಕೂಡಲೇ ಒರೆಸಿ ಹಾಕುತ್ತಾಳೆ ಎಂದಳು. ಅನಘಾ ಪೆನ್ನು ಕೆಳಗಿಟ್ಟು, ಈ ಪ್ರಶ್ನೆಯನ್ನು ಬದಲಿಸದೆ ಮುಂದೆ ಹೋಗುವುದು ಬೇಡ ಎಂದರು. ಆಮೇಲೆ ನಾವಿಬ್ಬರೂ ಬಿ.ಸಿ. ರೋಡಿನ ಕೋಣೆಯಲ್ಲಿ ಎರಡು ದಿನ ಕೂತು ಎಲ್ಲ ಪ್ರಶ್ನೆಗಳನ್ನೂ ತುಳುವಿಗೆ ತಂದೆವು. ಆ ಎರಡು ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ನಾನು ಸರಿಯಾಗಿ ಮಾಡಿದ ಕೆಲಸಗಳಲ್ಲಿ ಅದೊಂದು.

ಆದರೆ ಪುಷ್ಪಾಳ ಅದೇ ಜಗಲಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಪುಷ್ಪಾ, ಇದರಿಂದ ಇವಳಿಗೆ ಏನಾದರೂ ಪ್ರಯೋಜನ ಉಂಟಾ ಎಂದು ಕೇಳಿದಳು. ಅನಘಾ ನೇರ ಮನುಷ್ಯೆ.

“ಈ ಅಧ್ಯಯನದಿಂದ ನಿಮ್ಮ ಮಗೂಗೆ ನೇರವಾಗಿ ಏನೂ ಸಿಗಲ್ಲ,” ಎಂದರು ಅವರು. “ಮುಂದೆ ಯೋಜನೆ ಮಾಡೋರಿಗೆ ಇದು ಬೇಕು. ಇಷ್ಟ ಇಲ್ಲ ಅಂದ್ರೆ ಬೇಡ ಅನ್ನಬಹುದು. ಮೇಡಂ, ದಯವಿಟ್ಟು ಇದನ್ನ ಹೀಗೇ ಹೇಳಿ.”

ಬೆಂಗಳೂರಿನ ಆ ವೇಗದ ಕನ್ನಡ ಹಿಡಿಯಲಾರದೆ ಪುಷ್ಪಾ ನನ್ನ ಮುಖ ನೋಡಿದಳು. ನಾನು ತುಳುವಿನಲ್ಲಿ, “ಪ್ರಯೋಜನ ಉಂಡು, ನಿನ್ನ ಬಾಲೆಗೇ ಉಂಡು” ಎಂದೆ, ಪ್ರಯೋಜನ ಇದೆ, ನಿನ್ನ ಮಗುವಿಗೇ ಇದೆ ಎಂದು. ಅವಳು ಸಹಿ ಹಾಕಿದಳು. ಅನಘಾರಿಗೆ ಅಷ್ಟು ತುಳು ಬರುತ್ತಿರಲಿಲ್ಲ. ಸುಳ್ಳು ಹೇಳಿದೆ ಎಂದು ನನಗೂ ಆಗ ಅನಿಸಲಿಲ್ಲ. ಧೈರ್ಯ ಕೊಟ್ಟೆ ಅಂದುಕೊಂಡೆ.

ಮಳೆ ಇಳಿದ ಮೇಲೆ ಕೆಲಸ ಜೋರಾಯಿತು. ಸಿದ್ಧಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ, ಪುಂಜಾಲಕಟ್ಟೆಯ ದಾರಿಯಲ್ಲಿ ಬೆಳ್ತಂಗಡಿಗೆ ವಾರಕ್ಕೆ ಎರಡು ಸಲ ಓಡಾಡಿದೆ. ಕೋಣೆಯ ಬಾಗಿಲಿಗೆ ‘ಸಂಯೋಜಕರು’ ಎಂದು ಬೋರ್ಡು ಬಂತು. ಡಾಕ್ಟರುಗಳು ನನ್ನನ್ನು ಮೇಡಂ ಎಂದು ಕರೆಯತೊಡಗಿದರು. ಸಂಜೆ ಐದೂವರೆಗೆ ಮನೆ ಸೇರಿ, ಹೊಳೆಯ ಬದಿಯಲ್ಲಿ ಅರ್ಧ ತಾಸು ನಡೆಯುವುದೂ ಸಾಧ್ಯವಾಯಿತು. ಇಪ್ಪತ್ತು ವರ್ಷ ಬಸ್ಸಿನಲ್ಲಿ ನಿಂತೇ ಸಂಜೆಯನ್ನು ಕಳೆದವಳಿಗೆ ಅದು ಸಣ್ಣ ವಿಷಯವಲ್ಲ.

ಸಮನ್ವಯ ಸಮಿತಿಯಲ್ಲಿ ಪೋಷಕರ ಕಡೆಯಿಂದ ಒಬ್ಬರು ಇರಬೇಕೆಂದು ನಿಯಮ. ಪುತ್ತಿಗೆಯ ಹಮೀದರನ್ನು ಹಾಕಿದೆವು. ಸೌದಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು, ಮಗಳು ಶಿಫಾಳಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಬಿಟ್ಟು ಬಂದು ಮೂಡುಬಿದಿರೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದರು. ಮೆಲುದನಿಯ ಮನುಷ್ಯ. ಸಭೆಗೆ ಬರುವ ಪ್ರತಿಯೊಂದು ಕಾಗದವನ್ನೂ ಓದಿಕೊಂಡು ಬರುತ್ತಿದ್ದವರು ಅವರೊಬ್ಬರೇ. ಒಮ್ಮೆ ಅವರು, ತನ್ನ ಮಗಳಿಗೆ ಐದು ತುಂಬಿತು, ತರಬೇತಿ ಎಷ್ಟು ಸಣ್ಣ ವಯಸ್ಸಿನಲ್ಲಿ ಸಿಗುತ್ತದೋ ಅಷ್ಟು ಉಪಕಾರ ಎಂದು ನೀವೇ ಬರೆದಿದ್ದೀರಿ, ಆದ್ದರಿಂದ ಮುಂದಿನ ಸಭೆ ಎರಡು ತಿಂಗಳ ನಂತರ ಬೇಡ, ಮುಂದಿನ ವಾರವೇ ಇಡುವ ಎಂದರು. ಎಲ್ಲರೂ ತಲೆಯಾಡಿಸಿದರು. ಸಭೆ ಎರಡು ತಿಂಗಳ ನಂತರವೇ ನಡೆಯಿತು.

ಆ ಸಭೆ ಜನವರಿಯದು. ಅದಕ್ಕೆ ಮೊದಲು ಪಟ್ಟಿ ಮೇಲಕ್ಕೆ ಹೋಗಬೇಕಿತ್ತು. ಪಟ್ಟಿಯ ಹನ್ನೊಂದನೆಯ ಕಾಲಮಿನಲ್ಲಿ ‘ಸೇವೆಗೆ ಜೋಡಿಸಲಾಗಿದೆಯೇ? ಹೌದು / ಇಲ್ಲ’ ಎಂದಿತ್ತು. ಮೂಡುಬಿದಿರೆ, ಬಂಟ್ವಾಳದ ಕೆಲವು ಮಕ್ಕಳು ತರಬೇತಿಗಾಗಿ ಮಂಗಳೂರಿಗೆ ಹೋಗಿ ಬಂದು ಮಾಡುತ್ತಿದ್ದರು. ಬೆಳ್ತಂಗಡಿಯ ಕಡೆ, ಅದರಲ್ಲೂ ಕೊಕ್ಕಡದಂಥ ಊರುಗಳಲ್ಲಿ, ಎಲ್ಲರ ಮುಂದೆಯೂ ಇಲ್ಲ, ಇಲ್ಲ, ಇಲ್ಲ. ನಾನೇ ಬರೆದದ್ದು. ನಿಜವಾಗಿ ಇದ್ದದ್ದೂ ಅದೇ.

ಯೋಜನಾಧಿಕಾರಿಗಳು ಆ ಕರಡನ್ನು ನೋಡಿ ನನ್ನನ್ನು ಕರೆದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ ಮಾತಾಡಿದರು. “ಒಂದು ತಾಲೂಕು ಪೂರಾ ಇಲ್ಲ ಅಂತ ಹೋದ್ರೆ ನಾವು ಆರು ತಿಂಗಳು ಏನು ಮಾಡಿದ್ದು ಅಂತ ಕೇಳ್ತಾರೆ. ಯೋಜನೆಯನ್ನೇ ನಿಲ್ಲಿಸಿದ್ರೆ ಯಾರಿಗೂ ಇಲ್ಲ. ಎಲ್ಲರಿಗೂ ಶಿಫಾರಸು ಚೀಟಿ ಕೊಟ್ಟಿದ್ದೀರಲ್ಲ? ಜೋಡಣೆ ಅಂದ್ರೆ ಅದೇ. ನೀವು ನೋಡಿ ಮಾಡಿ.” ಆಮೇಲೆ, ಪರಿಶೀಲನೆ ಚೆನ್ನಾಗಿ ಆದರೆ ನನ್ನ ನಿಯೋಜನೆಯನ್ನು ಇನ್ನೂ ಒಂದು ವರ್ಷ ಮುಂದುವರಿಸಲು ತಾವೇ ಬರೆಯುವುದಾಗಿ ಹೇಳಿದರು.

ತಪಾಸಣೆಯ ಶಿಬಿರದಲ್ಲಿ ಚೀಟಿ ಕೊಟ್ಟದ್ದು ಹೌದು. ‘ಮುಂದಿನ ತರಬೇತಿಗಾಗಿ’ ಎಂದು ಅಚ್ಚಾದ ಗುಲಾಬಿ ಬಣ್ಣದ ಕಾಗದ. ಎಲ್ಲಿ, ಯಾರ ಹತ್ತಿರ, ಯಾವಾಗ ಎಂದು ಅದರಲ್ಲಿ ಇರಲಿಲ್ಲ. ಪುಷ್ಪಾ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಶನ್ ಕಾರ್ಡಿನ ಜೊತೆ ಇಟ್ಟಿದ್ದಳು ಎಂದು ಲೀಲಾವತಿ ಹೇಳಿದ್ದರು.

ಮಧ್ಯಾಹ್ನ ಊಟದ ನಂತರ ಕಂಪ್ಯೂಟರಿನ ಮುಂದೆ ಕೂತೆ. ಒಂದೊಂದಾಗಿ ಇಲ್ಲ ಎಂಬುದನ್ನು ಅಳಿಸಿ ಹೌದು ಎಂದು ಮಾಡುತ್ತಾ ಹೋದೆ. ಮೊದಲ ಎರಡು ಮೂರು ಹೆಸರುಗಳಿಗೆ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ದೀಕ್ಷಾ ಎಂಬ ಹೆಸರು ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ಅದನ್ನೂ ಬದಲಿಸಿದೆ. ಎಲ್ಲ ಮುಗಿದಾಗ ನಾಲ್ಕು ಗಂಟೆಯೂ ಆಗಿರಲಿಲ್ಲ. ಆ ಸಂಜೆ ಹೊಳೆಬದಿಗೆ ನಡೆಯಲು ಹೋಗಿದ್ದೆ ಎಂಬುದೂ ನೆನಪಿದೆ. ಹೋಗದೆ ಇದ್ದಿದ್ದರೆ ಈಗ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ತಿದ್ದಿಕೊಳ್ಳಲು ಒಂದು ಅವಕಾಶ ಅದಾಗಿಯೇ ಬಂತು. ಫೆಬ್ರವರಿಯಲ್ಲಿ ಅನಘಾ ಫೋನ್ ಮಾಡಿದರು.

“ಮೇಡಂ, ಒಂದು ವ್ಯತ್ಯಾಸ ಕಾಣ್ತಾ ಇದೆ. ಬೆಳ್ತಂಗಡಿ ತಾಯಂದಿರು ನನ್ನ ಹತ್ರ ಯಾವ ತರಬೇತೀನೂ ಇಲ್ಲ ಅಂದಿದಾರೆ. ನಿಮ್ಮ ಪಟ್ಟಿಯಲ್ಲಿ ಎಲ್ಲರಿಗೂ ಹೌದು ಅಂತಿದೆ. ಯಾವುದನ್ನ ಇಟ್ಕೊಳ್ಳಲಿ?”

ಅವರು ಗದರಿಸಿ ಕೇಳಲಿಲ್ಲ. ತಪ್ಪು ತಮ್ಮದೇ ಇರಬಹುದು ಎಂಬ ಧಾಟಿಯಲ್ಲಿ ಕೇಳಿದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

“ನಿಮ್ಮದು ಆಗಸ್ಟಿನದು ಅಲ್ವಾ ಡಾಕ್ಟ್ರೇ. ನಮ್ಮ ಪಟ್ಟಿ ಹೊಸದು. ಅದನ್ನೇ ಇಟ್ಕೊಳ್ಳಿ.”

ಸರಿ ಮೇಡಂ, ನೀವು ಸ್ಥಳದಲ್ಲಿ ಇರುವವರು ಎಂದರು. ಫೋನ್ ಇಟ್ಟರು.

ಮಾರ್ಚ್ ಕೊನೆಯಲ್ಲಿ ತೀರ್ಮಾನದ ಪ್ರತಿ ಬಂತು. ಬಂಟ್ವಾಳಕ್ಕೆ ಒಂದು ಕೇಂದ್ರ, ಮೂಡುಬಿದಿರೆಗೆ ಒಂದು. ಬೆಳ್ತಂಗಡಿಯ ಬಗ್ಗೆ ಒಂದೇ ವಾಕ್ಯ: ಗುರುತಿಸಲಾದ ಮಕ್ಕಳು ಈಗಾಗಲೇ ಸೇವೆಗೆ ಜೋಡಣೆಯಾಗಿರುವುದರಿಂದ ಸದ್ಯಕ್ಕೆ ಪ್ರತ್ಯೇಕ ಕೇಂದ್ರದ ಅಗತ್ಯ ಕಂಡುಬರುವುದಿಲ್ಲ. ಅಲ್ಲಿಗೆಂದು ಮೊದಲು ಇಟ್ಟಿದ್ದ ಥೆರಪಿಸ್ಟ್ ಹುದ್ದೆಯನ್ನೂ ಬಂಟ್ವಾಳಕ್ಕೇ ಸೇರಿಸಿದ್ದರು. ಆಧಾರ ಎಂಬಲ್ಲಿ ಸಂಯೋಜಕರ ವರದಿ ಎಂದಿತ್ತು. ಅಂದರೆ ನಾನು.

ಯೋಜನಾಧಿಕಾರಿಗಳಿಗೂ ಇದು ಹೀಗಾಗುತ್ತದೆಂದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅವರೂ ಪೆಚ್ಚಾದರು. ಮುಂದಿನ ವರ್ಷ ನೋಡುವ ಎಂದರು. ತಿದ್ದುಪಡಿ ಕಳಿಸುವ ಎಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಿದರೆ ಮೊದಲು ಬರೆದದ್ದು ಸುಳ್ಳು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಒಂದು ಪತ್ರ ಬರೆದೆ, ಮೇಜಿನ ಡ್ರಾವರಿನಲ್ಲಿ ಹಾಕಿದೆ, ಎರಡು ವಾರದ ಮೇಲೆ ಹರಿದೆ.

ಹಮೀದರು ಕಾಗದ ಓದುವವರಾದ್ದರಿಂದ ಅವರಿಗೆ ಗೊತ್ತಾಯಿತು. ಮೂಡುಬಿದಿರೆಯ ಕೇಂದ್ರದ ಜಾಗ ನೋಡಲು ಹೋದ ದಿನ, ಎಲ್ಲರೂ ಮುಂದೆ ಹೋದ ಮೇಲೆ ನನ್ನ ಹತ್ತಿರ ನಿಂತರು.

“ಟೀಚರೇ, ಕೊಕ್ಕಡದ ಆ ಪುಷ್ಪಾ ಅಂತ ಇದ್ದಾರಲ್ಲ, ಶಿಬಿರದಲ್ಲಿ ನಮ್ಮ ಮನೆಯವಳ ಹತ್ತಿರ ಮಾತಾಡಿದ್ರು. ಪಟ್ಟಿಯಲ್ಲಿ ಅವರ ಮಗಳಿಗೆ ಹೌದು ಅಂತ ಉಂಟು. ಆ ಮಗು ತರಬೇತಿಗೆ ಎಲ್ಲಿಗೆ ಹೋಗ್ತದೆ?”

ನಾನು ಮುಂದೆ ಹೋದವರ ಕಡೆ ನೋಡಿದೆ.

“ನಮಗೆ ಇಲ್ಲಿ ಸಿಕ್ಕಿತು. ಅಲ್ಹಮ್ದುಲಿಲ್ಲಾ. ಆದ್ರೆ ಸಂತೋಷ ಪಡ್ಲಿಕ್ಕೆ ಆಗುವುದಿಲ್ಲ ಟೀಚರೇ,” ಎಂದು ಹೇಳಿ ಮುಂದೆ ನಡೆದರು. ಸಮಿತಿಯಲ್ಲಿ ಅವರು ಆ ವಿಷಯ ಎತ್ತಲಿಲ್ಲ. ನಾನೇ ಎತ್ತುತ್ತೇನೆ ಎಂದು ಕಾದಿರಬೇಕು.

ಏಪ್ರಿಲ್ ತಿಂಗಳಲ್ಲಿ ಬಂಟ್ವಾಳಕ್ಕೆ ಕೊಟ್ಟ ಕೇಂದ್ರ ಬಿ.ಸಿ. ರೋಡಿನಲ್ಲಿ ಶುರುವಾಯಿತು. ಲೀಲಾವತಿಯಿಂದ ಸುದ್ದಿ ಕೇಳಿ ಪುಷ್ಪಾ ಗುಲಾಬಿ ಚೀಟಿ ಹಿಡಿದುಕೊಂಡು ಬಂದಳು. ಕೊಕ್ಕಡದಿಂದ ಉಪ್ಪಿನಂಗಡಿ, ಅಲ್ಲಿ ಬಸ್ಸು ಬದಲಿಸಿ ಬಿ.ಸಿ. ರೋಡ್. ಬಿಸಿಲು ಕಾದ ಬಸ್ಸು, ಹಾರ್ನಿನ ಸದ್ದು, ಮೈಗೆ ಮೈ ತಾಗುವ ಜನ. ದೀಕ್ಷಾಳಿಗೆ ಇವುಗಳಲ್ಲಿ ಒಂದೂ ಆಗದು. ಮೊದಲ ಸಲ ಬಂದಾಗ ಪುಷ್ಪಾಳ ಮುಂಗೈಯಲ್ಲಿ ಕಚ್ಚಿದ ಗುರುತು ಇತ್ತು. ಆದರೂ ಆ ದಿನ ಥೆರಪಿಸ್ಟ್ ಹುಡುಗಿ ಮುಕ್ಕಾಲು ಗಂಟೆ ದೀಕ್ಷಾಳ ಜೊತೆ ನೆಲದಲ್ಲಿ ಕೂತು ಒಂದು ಉರುಳೆಯನ್ನು ಉರುಳಿಸುತ್ತಾ ಇದ್ದಳು. ಕೊನೆಗೆ ಉರುಳೆ ನಿಂತಾಗ ದೀಕ್ಷಾ ಆ ಹುಡುಗಿಯ ಕೈ ಹಿಡಿದು ಅದರ ಮೇಲೆ ಇಟ್ಟಳು. ಇನ್ನೊಮ್ಮೆ ಎಂದು ಕೇಳಿದ ಹಾಗೆ. ಪುಷ್ಪಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ವಾರಕ್ಕೆ ಎರಡು ಸಲ ಬಂದರೆ ಈ ಮಗು ಬೇಗ ಮುಂದೆ ಬರುತ್ತದೆ ಎಂದು ಥೆರಪಿಸ್ಟ್ ಹೇಳಿದಳು.

ಐದು ಸಲ ಬಂದರು. ಆರನೆಯ ಸಲ ಬರುವಾಗ ಮಾಣಿಯ ಹತ್ತಿರ ಬಸ್ಸಿನಲ್ಲಿ ದೀಕ್ಷಾ ಕಿರುಚಲು ಶುರು ಮಾಡಿದಳು. ಯಾರೋ ಒಬ್ಬ ಹೆಂಗಸು, ಮಗುವಿಗೆ ಹೊಡೆದು ಬುದ್ಧಿ ಕಲಿಸಬಾರದಾ ಎಂದಳಂತೆ. ಇನ್ನೊಬ್ಬರು ಬಸ್ಸು ನಿಲ್ಲಿಸಲು ಹೇಳಿದರಂತೆ. ಕಂಡಕ್ಟರ್ ಇವರನ್ನು ದಾರಿಯ ಮಧ್ಯೆ ಇಳಿಸಿಬಿಟ್ಟ. ಇಳಿದ ಕೂಡಲೇ ದೀಕ್ಷಾ ಕೈ ಬಿಡಿಸಿಕೊಂಡು ಹೆದ್ದಾರಿಯ ಮೇಲೆ ಓಡಿದಳು. ಒಂದು ಲಾರಿ ಬ್ರೇಕು ಹಾಕಿ, ಬದಿಗೆ ಹೊರಳಿ, ಮೋರಿಯ ಹತ್ತಿರ ಹೋಗಿ ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಹಿಂದೆಯೇ ಓಡಿದ ಪುಷ್ಪಾ ಬಿದ್ದು ಮಂಡಿಯ ಚಿಪ್ಪು ಒಡೆದುಕೊಂಡಳು.

ಇದನ್ನು ನನಗೆ ಹೇಳಿದ್ದು ಲೀಲಾವತಿ, ಫೋನಿನಲ್ಲಿ. ಪುಷ್ಪಾ ಇನ್ನು ಬರುವುದಿಲ್ಲ ಎಂದರು. ಎರಡು ತಿಂಗಳು ಟ್ಯಾಪಿಂಗಿಗೂ ಹೋಗುವ ಹಾಗಿರಲಿಲ್ಲ. ನಾನು ನೋಡಲು ಹೋಗಬೇಕಿತ್ತು. ಹೋಗಲಿಲ್ಲ. ಮೇ ಕೊನೆಗೆ ನನ್ನ ನಿಯೋಜನೆ ಮುಂದುವರಿದ ಆದೇಶ ಬಂತು. ಬೇಡ ಎಂದು ಬರೆದುಕೊಟ್ಟು ವೇಣೂರಿನಾಚೆಯ ಶಾಲೆಗೆ ವಾಪಸು ಹೋದೆ. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರೂ ಏಕೆ ಎಂದು ಕೇಳಿದರು. ಪಾಠ ಮಾಡುವುದೇ ಇಷ್ಟ ಎಂದೆ. ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿಯುವುದನ್ನು ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ ಎಂದುಕೊಂಡೆ. ಆದರೆ ಅದರಿಂದ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ನಾನು ಮಾಡಿದ್ದು ಅಲ್ಲಿಂದ ಓಡಿಹೋದದ್ದು, ಅಷ್ಟೇ.

ಈಗ, ಮಾರ್ಚಿನ ಈ ಪರೀಕ್ಷೆಯಲ್ಲಿ, ಎರಡನೆಯ ಪತ್ರಿಕೆ ಮುಗಿಸಿ ಹೊರಗೆ ಬರುವಾಗ ಗೇಟಿನಲ್ಲಿ ಲೀಲಾವತಿ ನಿಂತಿದ್ದರು. ಮಗಳನ್ನು ಕರೆದುಕೊಂಡು ಹೋಗಲು ಬಂದದ್ದು. ನನ್ನನ್ನು ಗುರುತಿಸಿ ಕೈ ಹಿಡಿದುಕೊಂಡರು. ಪುಷ್ಪಾ ಹೇಗಿದ್ದಾಳೆ ಎಂದು ಕೇಳದೆ ಇರುವುದು ಸಾಧ್ಯವಿರಲಿಲ್ಲ. ಇಲ್ಲೇ ಉಂಟಲ್ಲ ಮನೆ, ನೀವೇ ಹೋಗಿ ನೋಡಿ ಎಂದರು.

ಹೋದೆ. ದಾರಿ ಮರೆತಿರಲಿಲ್ಲ. ಪುಷ್ಪಾ ಅಂಗಳದಲ್ಲಿ ಶೀಟು ಹರಡುತ್ತಿದ್ದಳು. ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆ ಈಗ. ದೀಕ್ಷಾ ಉದ್ದ ಬೆಳೆದಿದ್ದಾಳೆ. ಮಾತಿಲ್ಲ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ಬೆರಳುಗಳನ್ನು ಕಣ್ಣಿನ ಹತ್ತಿರ ಆಡಿಸುತ್ತಿದ್ದಳು. ಅಂಗಳದ ಸುತ್ತಲೂ ಎದೆಯೆತ್ತರದ ತಂತಿಬಲೆ ಹಾಕಿದ್ದರು, ಗೇಟಿಗೆ ಬೀಗ. ಶಾಲೆಯಲ್ಲಿ ಹೆಸರು ಉಂಟು, ಹೋಗುವುದಿಲ್ಲ, ಅಲ್ಲಿ ಇಟ್ಟುಕೊಳ್ಳುವವರು ಯಾರೂ ಇಲ್ಲ ಎಂದಳು ಪುಷ್ಪಾ. ದೂರಿನ ಧ್ವನಿ ಇರಲಿಲ್ಲ. ನನಗೆ ಕೂರಲು ಚಾಪೆ ಹಾಕಿ, ಬಿಸಿಲಿನಲ್ಲಿ ಬಂದಿದ್ದೀರಿ ಎಂದು ಮುಖ ತೊಳೆಯಲು ನೀರು, ಒರೆಸಲು ಬೈರಾಸು ಕೊಟ್ಟಳು. ನಾನು ಇಷ್ಟು ವರ್ಷ ಬರಲಿಲ್ಲ ಎಂದೆ.

“ನೀವಾದ್ರೂ ಬಂದಿದ್ದೀರಿ ಟೀಚರೇ. ಬೇರೆ ಯಾರು ಬಂದಿದ್ದಾರೆ?”

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಅನಘಾ ಹೇಳಿದ್ದನ್ನು ತಪ್ಪಾಗಿ ಹೇಳಿದ್ದು, ಹನ್ನೊಂದನೆಯ ಕಾಲಮು, ಆ ಮಧ್ಯಾಹ್ನ, ಆ ಫೋನು. ಬೆಳ್ತಂಗಡಿಗೆ ಬರಬೇಕಿದ್ದದ್ದು ಬರದೆ ಹೋದದ್ದು ನನ್ನ ಕೈಯಿಂದ ಎಂದೆ. ಬೆಳ್ತಂಗಡಿಯಲ್ಲಿ ಇದ್ದಿದ್ದರೆ ಅವಳು ಮಾಣಿಯ ದಾರಿಗೆ ಹೋಗಬೇಕಾಗಿಯೇ ಇರಲಿಲ್ಲ ಎಂಬುದನ್ನೂ ಹೇಳಿದೆ.

ಪುಷ್ಪಾ ಕೈಯಲ್ಲಿದ್ದ ಶೀಟನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

“ಹೌದು ಅಂತ ಬರೆದದ್ದು ಈಗಲೂ ಹಾಗೇ ಉಂಟಾ?” ಎಂದು ಕೊನೆಗೆ ಕೇಳಿದಳು.

ಉಂಟು ಎಂದೆ.

“ಹಾಗಾದ್ರೆ ಇಲ್ಲ ಅಂತ ಬರೀರಿ. ಅಷ್ಟು ಮಾಡ್ಲಿಕ್ಕೆ ಆಗ್ತದಲ್ಲ?”

ಮರುದಿನ ಪರೀಕ್ಷೆ ಇರಲಿಲ್ಲ. ಕೂತು ಬರೆದೆ. ಯಾವ ವರ್ಷದ ಯಾವ ವರದಿ, ಯಾವ ಕಾಲಮು, ಅದರಲ್ಲಿ ನಾನು ತಿಳಿದೂ ತಿಳಿದೂ ಸುಳ್ಳು ಬರೆದೆ, ಅದರಿಂದ ಯಾವ ತಾಲೂಕಿನ ಮಕ್ಕಳಿಗೆ ಏನು ತಪ್ಪಿಹೋಯಿತು. ಯಾರು ಹೇಳಿದರು ಎಂದು ಬರೆಯಲಿಲ್ಲ; ಬರೆದ ಕೈ ನನ್ನದು. ಲೀಲಾವತಿ ತನ್ನ ವ್ಯಾಪ್ತಿಯ ಮನೆಗಳಿಗೆ ಹೋಗಿ ತಾಯಂದಿರ ಸಹಿ ತಂದರು. ಹಮೀದರಿಗೆ ಫೋನ್ ಮಾಡಿದೆ. ಸಮಿತಿಯ ಹಳೆಯ ಕಾಗದಗಳೆಲ್ಲ ತನ್ನ ಹತ್ತಿರ ಇವೆ, ಪ್ರತಿ ಮಾಡಿಸಿ ಕಳಿಸುತ್ತೇನೆ ಎಂದರು. ಅನಘಾರಿಗೂ ಬರೆದೆ. ಅವರು ತಮ್ಮ ಆಗಸ್ಟಿನ ಉತ್ತರಗಳನ್ನು ಅಳಿಸದೆ ಇಟ್ಟಿದ್ದರು.

ಕಚೇರಿಯ ಗುಮಾಸ್ತರು ಪತ್ರವನ್ನು ನಿಂತಲ್ಲೇ ಓದಿ, ಇದನ್ನು ಕೊಟ್ಟರೆ ನಿಮ್ಮ ಮೇಲೆಯೇ ಬರುತ್ತದೆ ಮೇಡಂ, ನಿವೃತ್ತಿಗೆ ಹತ್ತಿರ ಬಂದವರು ಎಂದು ಮೆಲ್ಲಗೆ ಹೇಳಿದರು. ಸ್ವೀಕೃತಿ ಕೊಡಿ ಎಂದೆ. ನನ್ನ ಮೇಲೆ ವಿಚಾರಣೆಯ ನೋಟಿಸು ಬಂದಿದೆ. ಅದು ಬರಲೇಬೇಕಿತ್ತು. ಎರಡೂವರೆ ತಿಂಗಳ ಮೇಲೆ, ನಾನು ನಿರೀಕ್ಷಿಸಿರದ ಇನ್ನೊಂದು ಆದೇಶವೂ ಬಂತು: ಬಂಟ್ವಾಳದ ಕೇಂದ್ರದಿಂದ ವಾರಕ್ಕೆ ಎರಡು ದಿನ ಥೆರಪಿಸ್ಟ್ ಬೆಳ್ತಂಗಡಿಗೆ, ತಿಂಗಳಿಗೆ ಎರಡು ದಿನ ಕೊಕ್ಕಡಕ್ಕೆ. ಆರು ವರ್ಷದೊಳಗಿನ ಮಕ್ಕಳಿಗೆ.

ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಆಮೇಲೆ ಪುಷ್ಪಾಳಿಗೆ ಫೋನ್ ಮಾಡಿದೆ. ಮೊದಲು ಒಳ್ಳೆಯ ಸುದ್ದಿ ಹೇಳಿ ಆಮೇಲೆ ಇದನ್ನು ಹೇಳೋಣ ಎಂದುಕೊಂಡಿದ್ದೆ. ಅವಳಿಗೆ ಲೀಲಾವತಿಯಿಂದ ಆಗಲೇ ಗೊತ್ತಾಗಿತ್ತು.

“ಇವಳಿಗೆ ಎಂಟು ಆಗ್ತಾ ಬಂತು ಟೀಚರೇ,” ಎಂದಳು. ದೊಡ್ಡ ಮಕ್ಕಳಿಗೂ ಬೇಕೆಂದು ಮತ್ತೆ ಬರೆಯುತ್ತೇನೆ ಎಂದೆ. ಬರೀರಿ ಎಂದಳು. ಆಮೇಲೆ ಅವಳೇ ಮುಂದುವರಿಸಿದಳು.

“ನಮ್ಮ ಕೆಳಗಿನ ಮನೆಯಲ್ಲಿ ಒಂದು ಮಗು ಉಂಟು. ಕರೆದ್ರೆ ತಿರುಗುವುದಿಲ್ಲ. ಅದರ ತಾಯಿಗೆ ಹೆದರಿಕೆ, ಹೊರಗೆ ಹೇಳುವುದಿಲ್ಲ. ಮೊದಲ ದಿನ ನಾನೇ ಕರ್ಕೊಂಡು ಹೋಗ್ತೇನೆ. ಅದಕ್ಕೆ ಇನ್ನೂ ಎರಡೂವರೆ ವರ್ಷ. ಸಮಯ ಉಂಟು.”